ಹದಿನಾಲ್ಕು ಸಲ ಒತ್ತಿದ ಗುಂಡಿ

ದೆವ್ವ, ಗಾಳಿ, ದೃಷ್ಟಿ, ಶಕುನ ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ನಂಬುವವರನ್ನು ಕಂಡರೆ ಕೀಟಲೆ ಮಾಡದೆ ಬಿಡುವ ಪೈಕಿಯೂ ನಾನಲ್ಲ. ನನ್ನ ಕೆಲಸವೇ ಅಂಥದ್ದು. ಕುಶಾಲನಗರದಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಡಿಸಿ ಮೋಟಾರುಗಳನ್ನೂ ಅವುಗಳ ಡ್ರೈವ್‌ಗಳನ್ನೂ ರಿಪೇರಿ ಮಾಡುತ್ತೇನೆ. ಡ್ರೈವ್ ಎಂದರೆ ಗಾಡಿ ಓಡಿಸುವುದಲ್ಲ. ಮೋಟಾರಿಗೆ ಎಷ್ಟು ಕರೆಂಟು ಕೊಡಬೇಕು, ಅದು ಎಷ್ಟು ವೇಗದಲ್ಲಿ ತಿರುಗಬೇಕು ಎಂದು ಹೇಳುವ ಪೆಟ್ಟಿಗೆ. ಆ ಪೆಟ್ಟಿಗೆ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಫ್ಯೂಸ್ ಹೋಗಿರುತ್ತದೆ, ಕಾರ್ಬನ್ ಬ್ರಷ್ ಸವೆದಿರುತ್ತದೆ, ಇಲಿ ವೈರು ಕಡಿದಿರುತ್ತದೆ. ಇಪ್ಪತ್ತು ವರ್ಷ ಮೀಟರ್ ಹಿಡಿದು ಕಾರಣ ಹುಡುಕುತ್ತಾ ಬಂದವನಿಗೆ, ಕಾರಣವೇ ಇಲ್ಲದ ಸಂಗತಿ ಒಂದಿದೆ ಎಂದರೆ ನಗು ಬರುತ್ತಿತ್ತು.

ಈಗ ನಗು ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ, ಹಾಡಹಗಲಲ್ಲಿ, ಮಾದಣ್ಣ ಎಂಬ ಒಬ್ಬ ಮನುಷ್ಯ ನನ್ನ ಕೈಯಿಂದ ಸಾಯಬೇಕಿತ್ತು. ಸಾಯಲಿಲ್ಲ. ಯಾಕೆ ಸಾಯಲಿಲ್ಲ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ನನಗೆ ಮರ್ಯಾದೆ ತರದ ಭಾಗವೂ ಇದೆ, ಅದನ್ನೂ ಬಿಡುವುದಿಲ್ಲ.

ಕೊಡ್ಲಿಪೇಟೆಯಿಂದ ಸ್ವಲ್ಪ ಒಳಗೆ ಶಾರದಕ್ಕನ ಎಸ್ಟೇಟು. ದೊಡ್ಡದೇನಲ್ಲ. ಆದರೆ ಅವರ ಪಲ್ಪರ್ ಮನೆಯಲ್ಲಿ, ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಷೆಡ್ಡಿನಲ್ಲಿ, ಕಾಫಿ ಒಣಗಿಸುವ ಒಂದು ಯಂತ್ರವಿತ್ತು. ತೂತು ತಗಡಿನ ಭಾರಿ ಡ್ರಮ್ಮು. ಮಲಗಿಸಿಟ್ಟ ಆ ಡ್ರಮ್ಮಿನೊಳಗೆ ಮನುಷ್ಯ ಬಗ್ಗಿ ನಿಲ್ಲಬಹುದು. ನಡುವೆ ಕಬ್ಬಿಣದ ದಪ್ಪ ಕೊಳವೆ, ಅದರ ಮೂಲಕ ಕೆಳಗಿನ ಒಲೆಯ ಬಿಸಿಗಾಳಿ ಬರುತ್ತದೆ. ಡ್ರಮ್ಮಿನ ಒಳಗೋಡೆಗೆ ಉದ್ದಕ್ಕೂ ಕಬ್ಬಿಣದ ಪಟ್ಟಿಗಳು. ಡ್ರಮ್ಮು ಸುತ್ತುವಾಗ ಅವು ಕಾಫಿಯನ್ನು ಎತ್ತಿ ಎತ್ತಿ ಸುರಿಯುತ್ತವೆ. ಕೊಳವೆ ನಿಂತೇ ಇರುತ್ತದೆ, ಪಟ್ಟಿಗಳು ಅದರ ಸುತ್ತ ತಿರುಗುತ್ತವೆ, ಎರಡರ ನಡುವೆ ಇರುವುದು ಒಂದು ಗೇಣು ಜಾಗ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಈ ಡ್ರಮ್ಮನ್ನು ತಿರುಗಿಸುತ್ತಿದ್ದುದು ಹಳೆಯ ಡಿಸಿ ಮೋಟಾರು. ಅದರ ಡ್ರೈವು ಇನ್ನೂ ಹಳೆಯದು. ಅದನ್ನು ತೆಗೆದುಹಾಕಿ ಹೊಸ ಎಸಿ ಮೋಟಾರು ಹಾಕಿಸೋಣವೇ ಎಂದು ಶಾರದಕ್ಕ ಎರಡು ಸಲ ಕೇಳಿದ್ದರು. ಬೇಡ ಅಕ್ಕಾ, ಇದು ಇನ್ನೂ ಹತ್ತು ವರ್ಷ ಓಡುತ್ತೆ, ನನ್ನ ಜವಾಬ್ದಾರಿ ಎಂದು ಎದೆ ತಟ್ಟಿಕೊಂಡು ಹೇಳಿದವನು ನಾನು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವುದೆಂದರೆ ನನಗೆ ಮನಸ್ಸಾಗುವುದಿಲ್ಲ.

ಆ ಡ್ರಮ್ಮಿನ ಉಸ್ತುವಾರಿ ಮಾದಣ್ಣನದು. ಆಗಲೇ ಅವರಿಗೆ ಐವತ್ತೈದು ದಾಟಿತ್ತು. ಡ್ರಮ್ಮನ್ನು ಅವರು 'ಅವ್ವ' ಎಂದೇ ಕರೆಯುತ್ತಿದ್ದರು. ಪ್ರತಿ ಸಲ ಚಾಲೂ ಮಾಡುವ ಮುಂಚೆ ಮರದ ಕೊಡತಿಯಿಂದ ಡ್ರಮ್ಮಿಗೆ ಮೂರು ಸಲ ಮೆಲ್ಲಗೆ ಬಡಿದು, "ಏಳವ್ವ, ಹೊತ್ತಾಯ್ತು" ಎನ್ನುತ್ತಿದ್ದರು. ಆಮೇಲೆ ತಗಡಿಗೆ ಕಿವಿ ಕೊಟ್ಟು ಒಂದು ಗಳಿಗೆ ನಿಲ್ಲುವುದು. ಅದಾಗದೆ ಯಾರನ್ನೂ ಗುಂಡಿ ಮುಟ್ಟಲು ಬಿಡುತ್ತಿರಲಿಲ್ಲ. ಆಯುಧಪೂಜೆಯ ದಿನವಂತೂ ಮೋಟಾರಿನ ನೇಮ್‌ಪ್ಲೇಟು ಕಾಣದಷ್ಟು ಕುಂಕುಮ ಬಳಿದಿಡುತ್ತಿದ್ದರು, ಅದನ್ನು ಒರೆಸುವಷ್ಟರಲ್ಲಿ ನನಗೆ ಸಾಕಾಗುತ್ತಿತ್ತು.

"ಏನಂದ್ಲು ಮಾದಣ್ಣ ನಿಮ್ಮವ್ವ? ಕಾಫಿ ಕುಡುದ್ಲಂತಾ?" ಎಂದು ನಾನು ರೇಗಿಸುತ್ತಿದ್ದೆ.

"ಎಲ್ಲಾ ಸರಿ ಐತೆ ಅಂದ್ಲು ಕಣ್ರೀ ಇಂಜಿನೇರ್ರೇ. ನೀವು ಒತ್ರಿ ಈಗ" ಎನ್ನುತ್ತಿದ್ದರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. ನಾನು ಇಂಜಿನಿಯರಲ್ಲ, ಐಟಿಐ ಓದಿದವನು. ಎಷ್ಟು ಹೇಳಿದರೂ ಅವರು ಕೇಳುತ್ತಿರಲಿಲ್ಲ.

ಇನ್ನು ಮರ್ಯಾದೆ ತರದ ಭಾಗ. ಡ್ರಮ್ಮಿನ ಬೆನ್ನ ಕಡೆಗೆ ಕಾಫಿ ತುಂಬಲು ಒಂದು ಜಾರುವ ಬಾಗಿಲಿದೆ. ಬಾಗಿಲು ತೆರೆದಿದ್ದರೆ ಮೋಟಾರು ಚಾಲೂ ಆಗದಂತೆ ಅಲ್ಲೊಂದು ಲಿಮಿಟ್ ಸ್ವಿಚ್ ಇತ್ತು. ಈ ಘಟನೆಯ ಹಿಂದಿನ ವರ್ಷದ ಸುಗ್ಗಿಯಲ್ಲಿ ಆ ಸ್ವಿಚ್ಚಿಗೆ ಸಿಪ್ಪೆಯ ಧೂಳು ಕೂತು, ಬಾಗಿಲು ಮುಚ್ಚಿದ್ದರೂ ಡ್ರೈವು ಮತ್ತೆ ಮತ್ತೆ ನಿಲ್ಲುತ್ತಿತ್ತು. ಹೊಸ ಸ್ವಿಚ್ ಬೆಂಗಳೂರಿನಿಂದ ಬರಬೇಕು. ಕಾಫಿ ಡ್ರಮ್ಮಿನಲ್ಲಿದೆ, ಕಾಯುವ ಹಾಗಿಲ್ಲ. ನಾನು ಡ್ರೈವ್ ಕೂರಿಸಿದ ಪ್ಯಾನಲ್ ತೆರೆದು, ಒಂದು ಗೇಣುದ್ದದ ಕೆಂಪು ವೈರು ತೆಗೆದುಕೊಂಡು, ಸ್ವಿಚ್ಚಿನ ಎರಡು ತುದಿಗಳನ್ನು ಸೇರಿಸಿಬಿಟ್ಟೆ. ಇದಕ್ಕೆ ನಾವು ಜಂಪರ್ ಹಾಕುವುದು ಎನ್ನುತ್ತೇವೆ. ಬಾಗಿಲು ಮುಚ್ಚಲಿ ತೆರೆಯಲಿ, ಎಲ್ಲಾ ಸರಿಯಿದೆ ಎಂದು ಡ್ರೈವಿಗೆ ಸುಳ್ಳು ಹೇಳುವ ವೈರು ಅದು. ಮುಂದಿನ ವಾರ ಬಂದು ಸ್ವಿಚ್ ಬದಲಿಸುತ್ತೇನೆ ಎಂದು ಹೇಳಿ ಹೋದವನು ಮರೆತೆ. ನನ್ನ ಕಸುಬಿನವರಲ್ಲಿ ಈ ತಪ್ಪು ಮಾಡದವರು ಕಡಿಮೆ, ಒಪ್ಪಿಕೊಳ್ಳುವವರು ಇನ್ನೂ ಕಡಿಮೆ.

ಆ ವರ್ಷ ಜನವರಿಯಲ್ಲಿ ಮಳೆ ಹಿಡಿಯಿತು. ಕಾಫಿ ಕೊಯ್ಲಿನ ನಡುವೆ ಬರುವ ಮಳೆ ನಮ್ಮ ಕಡೆಯವರಿಗೆ ಶತ್ರು. ಹಣ್ಣು ಪಲ್ಪ್ ಮಾಡಿ ತೊಳೆದು ಕಣದಲ್ಲಿ ಹರಡಿದ ಕಾಫಿಗೆ ಬಿಸಿಲು ಬೇಕು, ಬಿಸಿಲಿಲ್ಲದಿದ್ದರೆ ಡ್ರಮ್ಮು ಬೇಕು. ಮರ ಬಿದ್ದು ಎರಡು ದಿನದಿಂದ ಲೈನೂ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾರದಕ್ಕ ಸೋಮವಾರಪೇಟೆಯಿಂದ ಬಾಡಿಗೆಗೆ ಜನರೇಟರ್ ತರಿಸಿದರು. ಜನರೇಟರ್ ಓಡಿತು, ಪಂಪು ಓಡಿತು, ಡ್ರಮ್ಮು ಓಡಲಿಲ್ಲ. ನನಗೆ ಫೋನು ಬಂತು.

ಒಂಬತ್ತೂವರೆಗೆ ಅಲ್ಲಿ ತಲುಪಿದಾಗ ಮಳೆ ಸುರಿಯುತ್ತಲೇ ಇತ್ತು. ಷೆಡ್ಡಿನ ತಗಡಿನ ಮೇಲೆ ಮಳೆಯ ಸದ್ದು, ಹೊರಗೆ ಜನರೇಟರ್ ಸದ್ದು, ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಕಣದ ಕಾಫಿಯನ್ನೆಲ್ಲ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದ್ದರು. ಹತ್ತಿರ ಹೋದರೆ ಹುಳಿ ವಾಸನೆ ಆಗಲೇ ಶುರುವಾಗಿತ್ತು. ಶಾರದಕ್ಕನದೊಂದೇ ಅಲ್ಲ, ಪಲ್ಪರ್ ಇಲ್ಲದ ಏಳೆಂಟು ಸಣ್ಣ ಬೆಳೆಗಾರರ ಹಣ್ಣೂ ಆ ರಾಶಿಯಲ್ಲಿ ಸೇರಿತ್ತು. ಅವರಲ್ಲಿ ಇಬ್ಬರು ಮಳೆಗೆ ತಲೆಯ ಮೇಲಿಂದ ಗೊಪ್ಪೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ನನ್ನ ಚೀಲವನ್ನೇ ನೋಡುತ್ತಿದ್ದರು.

ಮಾದಣ್ಣ ಎಲ್ಲಿ ಎಂದು ರೈಟರ್ ರಾಜನ್ ಅವರನ್ನು ಕೇಳಿದೆ. ರಾಜನ್ ಕಣ್ಣೂರಿನ ಕಡೆಯಿಂದ ಬಂದು ಎಸ್ಟೇಟಿನ ಲೆಕ್ಕಪತ್ರ ನೋಡಿಕೊಂಡು ಇಲ್ಲೇ ಮುದುಕರಾದವರು.

"ಬೆಳಿಗ್ಗೆಯಿಂದ ಕಾಣಲಿಲ್ಲ ಸಾರ್. ರಾತ್ರಿ ಇಲ್ಲೇ ಇದ್ದ, ಕರೆಂಟು ಬಂದ್ರೆ ಅಂತ. ಜ್ವರ ಉಂಟು ಹೇಳ್ತಿದ್ದ. ಗುಳಿಗೆ ತರ್ಲಿಕ್ಕೆ ಪೇಟೆಗೆ ಹೋಗಿರ್ಬೇಕು" ಎಂದರು.

ಒಳ್ಳೆಯದೇ ಆಯಿತು, ಪೂಜೆ ಪುನಸ್ಕಾರದ ಕಾಟವಿಲ್ಲ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಡ್ರೈವ್ ಇರುವ ಪ್ಯಾನಲ್ಲು ಗೋಡೆಯ ಆಚೆಗಿನ ಒಂದು ಚಿಕ್ಕ ಕೋಣೆಯಲ್ಲಿದೆ, ಧೂಳು ಹೋಗಬಾರದೆಂದು. ಒಂದು ಸಣ್ಣ ಕಿಟಕಿಯಿಂದ ಡ್ರಮ್ಮಿನ ಮುಂಭಾಗ ಕಾಣುತ್ತದೆ. ನಾನು ಮೊದಲ ಸಲ ಹಸಿರು ಗುಂಡಿ ಒತ್ತಿದೆ. ಒಳಗೆ ಕರೆಂಟು ಸೇರಿಸುವ ಕಾಂಟ್ಯಾಕ್ಟರ್ 'ಟಕ್' ಎಂದು ಕೂತಿತು. ಅಷ್ಟೇ. ಡ್ರಮ್ಮು ಅಲುಗಲಿಲ್ಲ. ತಪ್ಪಾಗಿದೆ ಎಂದು ಹೇಳುವ ಕೆಂಪು ದೀಪ ಹೊತ್ತಲಿಲ್ಲ. ಮೋಟಾರಿಗೆ ಎಷ್ಟು ಕರೆಂಟು ಹೋಗುತ್ತಿದೆ ಎಂದು ತೋರಿಸುವ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

ಇಂಥ ಹೊತ್ತಿನಲ್ಲಿ ಗಡಿಬಿಡಿ ಮಾಡಬಾರದು. ಹೊರಗಿನಿಂದ ಒಳಗೆ ಹೋಗಬೇಕು. ಜನರೇಟರಿನ ಮೂರು ಫೇಸೂ ಸರಿಯಾಗಿವೆಯೇ ನೋಡಿದೆ, ಸರಿ ಇದ್ದವು. ಫೇಸುಗಳ ಸರದಿ ಅದಲುಬದಲಾದರೂ ಹಳೆಯ ಡ್ರೈವುಗಳು ಮುಷ್ಕರ ಹೂಡುತ್ತವೆ. ಅದೂ ಸರಿ ಇತ್ತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರಿಗೆ ಹಿಡಿದೆ, ಎಲ್ಲವೂ ಜೀವಂತ. ಡಿಸಿ ಮೋಟಾರಿಗೆ ಎರಡು ಕಡೆಗೆ ಕರೆಂಟು ಬೇಕು, ಸುತ್ತ ನಿಂತಿರುವ ಕಾಯಿಲಿಗೆ ಒಂದು, ನಡುವೆ ತಿರುಗುವ ಆರ್ಮೇಚರಿಗೆ ಒಂದು. ಕಾಯಿಲಿಗೆ ಬರಬೇಕಾದ್ದು ಪೂರ್ತಿ ಬರುತ್ತಿತ್ತು. ಆರ್ಮೇಚರಿಗೆ ಮಾತ್ರ ಏನೂ ಇಲ್ಲ. ಬ್ರಷ್ಷುಗಳನ್ನು ತೆಗೆದು ನೋಡಿದೆ, ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಬ್ರಷ್ ಉಜ್ಜುವ ತಾಮ್ರದ ಬಳೆಯನ್ನು ಒರೆಸಿದೆ. ವೇಗ ಅಳೆಯುವ ಪುಟ್ಟ ಟ್ಯಾಕೋ ಮೋಟಾರಿನ ಬೆನ್ನಿಗೆ ಬಿಗಿಯಾಗಿತ್ತು. ವೇಗ ಹೆಚ್ಚು ಕಡಿಮೆ ಮಾಡುವ ತಿರುಪು ತಿರುಗಿಸಿದಂತೆ ಆ ತಿರುಪಿನಿಂದ ಡ್ರೈವಿಗೆ ಹೋಗುವ ವೋಲ್ಟೇಜು ಏರುತ್ತಿತ್ತು, ಇಳಿಯುತ್ತಿತ್ತು. ಒಂದೊಂದು ಪರೀಕ್ಷೆಯ ಆಮೇಲೂ ಗುಂಡಿ ಒತ್ತಿದೆ. 'ಟಕ್' ಎನ್ನುವುದು, ಸೊನ್ನೆ ತೋರಿಸುವುದು.

ಹನ್ನೊಂದೂವರೆಗೆ ಡ್ರೈವೇ ಸತ್ತಿದೆ ಎಂದು ತೀರ್ಮಾನಿಸಿ, ಮೋಟಾರಿನ ಬೆಲ್ಟು ಬಿಚ್ಚಿದೆ. ಬೆಲ್ಟು ಬಿಚ್ಚಿದರೆ ಮೋಟಾರಿಗೂ ಡ್ರಮ್ಮಿಗೂ ಸಂಬಂಧ ಕಡಿಯುತ್ತದೆ. ಗುಂಡಿ ಒತ್ತಿದೆ. ಮೋಟಾರು ಸುಂಯ್ ಎಂದು ತಿರುಗಿತು. ತಿರುಪು ಏರಿಸಿದರೆ ಏರಿತು, ಇಳಿಸಿದರೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಇಬ್ಬರೂ ಒಳಗೆ ಬಂದರು. ಒಬ್ಬರು ನನ್ನ ಭುಜ ಮುಟ್ಟಿದರು. ನಾನು ಬೆಲ್ಟು ಹಾಕಿ, ಬಿಗಿ ಮಾಡಿ, ಮತ್ತೆ ಒತ್ತಿದೆ.

ಸೊನ್ನೆ.

ಡ್ರಮ್ಮು ಎಲ್ಲೋ ಸಿಕ್ಕಿಕೊಂಡಿದೆ, ಅದಕ್ಕೇ ಮೋಟಾರು ಎಳೆಯುತ್ತಿಲ್ಲ ಎಂದು ನೀವು ಹೇಳಬಹುದು. ಸಿಕ್ಕಿಕೊಂಡಿದ್ದರೆ ಮುಳ್ಳು ಹಾರಿ ಮೇಲಿನ ಕೊನೆಗೆ ಬಡಿಯಬೇಕಿತ್ತು. ಮೋಟಾರು ನರಳಬೇಕಿತ್ತು. ಇಲ್ಲಿ ಅದು ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಗೇರ್‌ಬಾಕ್ಸಿನ ಪುಲ್ಲಿಯನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿದೆ, ಹಗುರವಾಗಿಯೇ ತಿರುಗಿತು. ಅಷ್ಟಕ್ಕೆ ಡ್ರಮ್ಮು ಸರಿಯುವುದು ಒಂದು ಬೆರಳಗಲವೂ ಇಲ್ಲ. ಬೆಲ್ಟು ಬಿಚ್ಚಿದೆ, ಮೋಟಾರು ಓಡಿತು. ಹಾಕಿದೆ, ನಿಂತಿತು. ಹೀಗೆ ಮೂರು ಸಲ. ಬೆಲ್ಟು ಎನ್ನುವುದು ಬರೀ ರಬ್ಬರು. ಅದು ಹಾಕಿದೆಯೋ ಬಿಚ್ಚಿದೆಯೋ ಎಂದು ತಿಳಿಯುವ ಯಾವ ದಾರಿಯೂ ಡ್ರೈವಿಗಿಲ್ಲ. ಮೋಟಾರು ತಿರುಗಲು ಶುರುವಾದ ಮೇಲೆ ಭಾರ ಗೊತ್ತಾಗಬೇಕೇ ಹೊರತು, ಅದಕ್ಕೂ ಮುಂಚೆ ಹೇಗೆ ಗೊತ್ತಾಗುತ್ತದೆ?

ಒಂದು ಗಂಟೆಯ ಹೊತ್ತಿಗೆ ನನ್ನ ಧೈರ್ಯ ಪೂರ್ತಿ ಕುಸಿಯಿತು. ಶಾರದಕ್ಕ ಒಂದು ಲೋಟ ಕಾಫಿ ತಂದು ಪ್ಯಾನಲ್ಲಿನ ಪಕ್ಕದ ಸ್ಟೂಲಿನ ಮೇಲಿಟ್ಟರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಂಜೆ ಒಳಗೆ ಡ್ರಮ್ಮಿಗೆ ಹಾಕ್ಲಿಲ್ಲ ಅಂದ್ರೆ ಅಷ್ಟೂ ಗೊಬ್ಬರಕ್ಕೇ ಹೋಗ್ತದೆ. ನಂದು ಹೋಗ್ಲಿ ಕಣಪ್ಪ. ಅವ್ರು ನನ್ ಮಾತ್ ನಂಬಿ ಹಣ್ಣು ತಂದ್ ಹಾಕವ್ರೆ. ನಾನು ನಿನ್ ಮಾತ್ ನಂಬ್ದೆ" ಎಂದರು, ಅಷ್ಟೇ. ಕೊನೆಯ ಮಾತು ನನ್ನ ಎದೆಗೆ ನಾಟಿತು. ಹೊಸ ಮೋಟಾರು ಹಾಕಿಸಿದ್ದರೆ ಈ ಗತಿ ಬರುತ್ತಿರಲಿಲ್ಲ. ಎಂಟು ಮನೆಯವರ ಒಂದು ವರ್ಷದ ದುಡಿಮೆ ನನ್ನ ಹಟದಿಂದ ಟಾರ್ಪಾಲಿನಡಿ ಹುಳಿಯುತ್ತಿತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಗೋಡೆಗೆ ಬೀಸಿ ಎಸೆದೆ. ಆಮೇಲೆ ನಾನೇ ಹೋಗಿ ಹುಡುಕಿ ತಂದೆ.

ಇನ್ನು ಉಳಿದದ್ದು ಒಂದೇ ದಾರಿ. ಡ್ರೈವನ್ನು ಪಕ್ಕಕ್ಕಿಟ್ಟು ಮೋಟಾರಿಗೆ ನೇರ ಲೈನು ಕೊಡುವುದು. ನನ್ನ ಚೀಲದಲ್ಲಿ ಯಾವಾಗಲೂ ಒಂದು ರೆಕ್ಟಿಫೈಯರ್ ಇರುತ್ತದೆ, ಎಸಿಯನ್ನು ಡಿಸಿ ಮಾಡುವ ಅಂಗೈಯಗಲದ ಸಾಮಾನು. ಅದನ್ನು ಜನರೇಟರಿನ ಲೈನಿಗೂ ಮೋಟಾರಿಗೂ ನಡುವೆ ಕಟ್ಟಿದರೆ ಯಾರ ಅಪ್ಪಣೆಯನ್ನೂ ಕೇಳದೆ ಮೋಟಾರು ತಿರುಗಲೇಬೇಕು. ವೇಗದ ಹಿಡಿತ ಇರುವುದಿಲ್ಲ, ಜಗ್ಗಿ ಹೊರಡುತ್ತದೆ. ಅಪಾಯದ ಕೆಲಸ. ನನ್ನ ಕೈಕೆಳಗಿನವರು ಮಾಡಿದರೆ ನಾನೇ ಉಗಿಯುತ್ತೇನೆ. ಆ ಮಧ್ಯಾಹ್ನ ನಾನೇ ಮಾಡಿದೆ. ವೈರುಗಳನ್ನೆಲ್ಲ ಕಟ್ಟಿ ಮುಗಿಸಿದೆ. ಇನ್ನು ಒಂದು ಹಿಡಿಕೆಯನ್ನು ಕೆಳಗೆಳೆಯುವುದಷ್ಟೇ ಬಾಕಿ.

ಎಳೆಯುವ ಮುಂಚೆ ಡ್ರಮ್ಮಿನ ಕಡೆಗೆ ಹೋದೆ. ಜಗ್ಗಿ ಹೊರಟಾಗ ಡ್ರಮ್ಮನ್ನು ಎಳೆಯುವ ಚೈನು ಹಲ್ಲಿನಿಂದ ಕಳಚಿದರೆ ಎಂದು ಅದನ್ನೊಮ್ಮೆ ನೋಡಲು. ಇದು ನನ್ನ ಜಾಗ್ರತೆಯಲ್ಲ, ಚೈನು ಹೋದರೆ ಇನ್ನೊಂದು ರಿಪೇರಿ ತಲೆಗೆ ಬೀಳುತ್ತದೆ ಎಂಬ ಹೆದರಿಕೆ. ಚೈನು ಸರಿಯಾಗಿತ್ತು. ತಿರುಗಿದಾಗ ಕಂಬದ ಮೊಳೆಗೆ ನೇತುಹಾಕಿದ್ದ ಮಾದಣ್ಣನ ಕೊಡತಿ ಕಂಡಿತು.

ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಖಂಡಿತ ನಾನು ಹಾಗೆ ಮಾಡುತ್ತಿರಲಿಲ್ಲ. ಕೊಡತಿಯನ್ನು ತೆಗೆದುಕೊಂಡೆ. ಸೋತುಹೋದ ಮನುಷ್ಯ ಏನು ಮಾಡಿಯಾನು ಎನ್ನುವುದಕ್ಕೆ ಇದೊಂದು ಉದಾಹರಣೆ ಅಷ್ಟೇ. ಮೂರು ಸಲ ಬಡಿದೆ. ಮೆಲ್ಲಗಲ್ಲ, ಸಿಟ್ಟಿನಿಂದ. ಕಿವಿ ತಾಗುವ ಹಾಗೆ ತಲೆಯನ್ನು ತಣ್ಣನೆಯ ತಗಡಿಗೆ ಒತ್ತಿ, "ಏಳವ್ವ. ನಿನ್ ಕಾಲಿಗ್ ಬೀಳ್ತೀನಿ, ಏಳು" ಎಂದೆ.

ಡ್ರಮ್ಮಿನೊಳಗಿನಿಂದ ಒಂದು ದನಿ ಬಂತು.

"ಎದ್ದೆ ಕಣವ್ವ... ಎದ್ದೆ."

ಕೊಡತಿ ನನ್ನ ಕೈಯಿಂದ ಕೆಳಗೆ ಬಿತ್ತು. ಡ್ರಮ್ಮೇ ಮಾತಾಡಿತು ಎಂದು ನಾನು ನಂಬಿದ ಒಂದು ಕ್ಷಣವಿದೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಕೆಮ್ಮು ಕೇಳಿತು. ನಾನು ಬೆನ್ನ ಕಡೆಗೆ ಓಡಿದೆ. ಒಳಗಿನಿಂದ ಎಳೆದುಕೊಂಡ ಹಾಗೆ ಜಾರುವ ಬಾಗಿಲು ಒಂದು ಗೇಣು ಮಾತ್ರ ತೆರೆದಿತ್ತು, ಅದರ ಕೆಳಗೆ ಮೆಟ್ಟಿಲ ಹಾಗೆ ಜೋಡಿಸಿದ ಗೋಣಿಚೀಲಗಳು, ಚೀಲಗಳ ಪಕ್ಕ ಒಂದು ಜೊತೆ ಹವಾಯಿ ಚಪ್ಪಲಿ.

ಒಳಗೆ ಮಾದಣ್ಣ ಗೋಣಿ ಹೊದ್ದು, ನಡುವಿನ ಕೊಳವೆಯ ಕೆಳಗೆ ಎರಡು ಪಟ್ಟಿಗಳ ನಡುವೆ ಮುದುಡಿ ಮಲಗಿದ್ದರು. ಮೈ ಕೆಂಡದ ಹಾಗೆ ಸುಡುತ್ತಿತ್ತು. ರಾಜನ್ ಅವರನ್ನು ಕೂಗಿ, ಬಾಗಿಲಲ್ಲಿದ್ದ ಇಬ್ಬರನ್ನು ಕೂಗಿ, ನಾಲ್ವರೂ ಸೇರಿ ಹೊರಗೆ ಎಳೆದೆವು. ಹಿಂದಿನ ರಾತ್ರಿ ಚಳಿ ಜ್ವರ ಹೆಚ್ಚಾಗಿ ನಡುಕ ಹಿಡಿದಿತ್ತಂತೆ. ಡ್ರಮ್ಮಿನೊಳಗೆ ಗಾಳಿ ಹೊಡೆಯುವುದಿಲ್ಲ, ಬೆಚ್ಚಗಿರುತ್ತದೆ, ಹೇಗೂ ಕರೆಂಟಿಲ್ಲ ಎಂದು ಒಂದಿಷ್ಟು ಬ್ರಾಂದಿ ಕುಡಿದು ಒಳಗೆ ಹತ್ತಿದ್ದರಂತೆ. ಆಮೇಲಿನದು ಅವರಿಗೆ ನೆನಪಿಲ್ಲ. ಬೆಳಿಗ್ಗೆ ಜನರೇಟರ್ ಬಂದದ್ದು, ನಾನು ಬಂದದ್ದು, ಕಾಂಟ್ಯಾಕ್ಟರ್ ಬಡಿದದ್ದು, ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಕೊಡತಿಯ ಸದ್ದು ಮಾತ್ರ ಬಿದ್ದಿತ್ತು.

ಅವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಪ್ಯಾನಲ್ ಕೋಣೆಗೆ ವಾಪಸು ಬಂದೆ. ಸದ್ಯ, ಬಾಗಿಲು ತೆರೆದಿದ್ದಕ್ಕೆ ಲಿಮಿಟ್ ಸ್ವಿಚ್ ತಡೆಯಿತು ಎಂದುಕೊಂಡೆ. ಎಂಥ ನೆಮ್ಮದಿ ಅದು. ಅರ್ಧ ನಿಮಿಷ ಇತ್ತು. ಆಮೇಲೆ ಪ್ಯಾನಲ್ಲಿನ ಮೂಲೆಯಲ್ಲಿ, ಒಂದು ವರ್ಷದ ಧೂಳು ಹೊದ್ದ, ಗೇಣುದ್ದದ ಕೆಂಪು ವೈರು ಕಣ್ಣಿಗೆ ಬಿತ್ತು. ಮೀಟರ್ ಹಿಡಿದು ನೋಡಿದೆ. ಜಂಪರ್ ಗಟ್ಟಿಯಾಗಿತ್ತು. 'ಬಾಗಿಲು ಮುಚ್ಚಿದೆ, ಎಲ್ಲಾ ಸರಿಯಿದೆ' ಎಂದು ಆ ವೈರು ಬೆಳಿಗ್ಗೆಯಿಂದ ಡ್ರೈವಿಗೆ ಹೇಳುತ್ತಲೇ ಇತ್ತು.

 ಬೆಲ್ಟು ಹಾಕಿ ಎಷ್ಟು ಸಲ ಗುಂಡಿ ಒತ್ತಿದ್ದೆ ಎಂದು ಬೆರಳು ಮಡಚಿ ಎಣಿಸಿದೆ. ಹದಿನಾಲ್ಕು ಸಲ. ಆ ಮನುಷ್ಯನನ್ನು ಹದಿನಾಲ್ಕು ಸಲ ಕೊಲ್ಲಲು ಹೊರಟು, ಆಗಲಿಲ್ಲವೆಂದು ಸಿಟ್ಟು ಮಾಡಿಕೊಂಡು, ಹದಿನೈದನೆಯದಕ್ಕೆ ನೇರ ಲೈನು ಕಟ್ಟಿಟ್ಟಿದ್ದೆ. ಕಟ್ಟಿದ ವೈರುಗಳು ಎದುರಿಗೇ ಇದ್ದವು. 

ಸ್ವಲ್ಪ ಹೊತ್ತಾದ ಮೇಲೆ ಶಾರದಕ್ಕ ಬಂದು, ಏನಾದರಾಗಲಿ ಇನ್ನೊಂದು ಸಲ ನೋಡು ಎಂದರು. ನನಗೆ ಗುಂಡಿ ಮುಟ್ಟುವ ಮನಸ್ಸೇ ಇರಲಿಲ್ಲ. ಕಾಫಿ ಮಾತ್ರ ಕಾಯುತ್ತಲೇ ಇತ್ತು. ರೆಕ್ಟಿಫೈಯರ್ ಬಿಚ್ಚಿ ವೈರುಗಳನ್ನು ಮುಂಚಿನ ಹಾಗೇ ಡ್ರೈವಿಗೆ ಸೇರಿಸಿದೆ. ಬೇರೆ ಏನನ್ನೂ ಬದಲಿಸಲಿಲ್ಲ, ಒಂದು ಸ್ಕ್ರೂ ಕೂಡ ಹೆಚ್ಚು ಬಿಗಿ ಮಾಡಲಿಲ್ಲ. ಟಾರ್ಚ್ ಹಿಡಿದು ಡ್ರಮ್ಮಿನೊಳಗೆ ನಾನು ನೋಡಿದೆ, ರಾಜನ್ ನೋಡಿದರು, ಮತ್ತೆ ನಾನು ನೋಡಿದೆ. ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಗುಂಡಿ ಒತ್ತಿದೆ.

ಡ್ರಮ್ಮು ತಿರುಗಿತು. ಏನೂ ಆಗೇ ಇಲ್ಲ ಎನ್ನುವ ಹಾಗೆ, ನಿಧಾನವಾಗಿ, ಕಿರ್ರೆನ್ನುತ್ತಾ ತಿರುಗಿತು. ಮುಳ್ಳು ಎಲ್ಲಿರಬೇಕೋ ಅಲ್ಲಿಗೆ ಬಂದು ನಿಂತಿತು. ಹೊರಗಿದ್ದವರು ಟಾರ್ಪಾಲ್ ಎಳೆಯಲು ಓಡಿದರು. ಆ ರಾಶಿಯಲ್ಲಿ ಮುಕ್ಕಾಲು ಪಾಲು ಕಾಫಿ ಉಳಿಯಿತು.

ಕಾರಣ ಹುಡುಕುವುದನ್ನು ನಾನು ಅಷ್ಟಕ್ಕೇ ಬಿಡಲಿಲ್ಲ. ಜೀವ ಹೋಗುವಷ್ಟು ಹುಡುಕಿದೆ. ಬೆಲ್ಟು ಬಿಗಿ ಮಾಡುವಾಗ ಮೋಟಾರು ಸ್ವಲ್ಪ ಹಿಂದಕ್ಕೆ ಜರುಗುತ್ತದೆ, ಆಗ ಕೇಬಲ್ ಜಗ್ಗಿ ಒಳಗೆ ತುಂಡಾದ ತಂತಿ ಬೇರಾಗುತ್ತಿರಬಹುದು ಎಂದು ಹೊಳೆಯಿತು. ಸುಗ್ಗಿ ಮುಗಿದ ಮೇಲೆ ಆ ಕೇಬಲನ್ನು ಬಿಚ್ಚಿ ತಂದು, ಅಂಗಡಿಯಲ್ಲಿ ಕೂತು, ಉದ್ದಕ್ಕೂ ಸೀಳಿದೆ. ಒಂದು ಎಳೆ ತಾಮ್ರವೂ ತುಂಡಾಗಿರಲಿಲ್ಲ. ಅಲ್ಲದೆ ಅದೇ ಕೇಬಲ್, ಅದೇ ಬಿಗಿಯಲ್ಲಿ, ಸುಗ್ಗಿಯುದ್ದಕ್ಕೂ ಓಡಿತ್ತು. ಡ್ರೈವಿನೊಳಗಿನ ಕಾರ್ಡುಗಳಿಗೆ ಥಂಡಿ ಹಿಡಿದಿರಬಹುದು, ಮಧ್ಯಾಹ್ನದ ಹೊತ್ತಿಗೆ ಒಣಗಿರಬಹುದು ಎಂದು ಮೈಸೂರಿನ ಒಬ್ಬ ಹಿರಿಯ ಇಂಜಿನಿಯರು ಹೇಳಿದರು. ಹಾಗಿದ್ದರೆ ಬೆಲ್ಟಿಲ್ಲದಾಗ ಹೇಗೆ ಓಡಿತು ಎಂದು ಕೇಳಿದೆ. ಅವರು ಡ್ರೈವನ್ನೇ ಬದಲಿಸಿಬಿಡಿ ಎಂದರು. ಕಾಕತಾಳೀಯ ಎಂದು ನೀವು ಹೇಳಬಹುದು. ಒಂದು ಸಲಕ್ಕೆ ನಾನೂ ಒಪ್ಪುತ್ತೇನೆ, ಎರಡು ಸಲಕ್ಕೂ ಒಪ್ಪುತ್ತೇನೆ.

ಮಾದಣ್ಣನ ಅವ್ವ ಎದ್ದು ನಿಂತು ಮಗನನ್ನು ಕಾಪಾಡಿದಳು ಎಂದು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಆದರೆ ಆ ಮೂರು ಪೆಟ್ಟಿನ ಬಗ್ಗೆ ಒಂದು ಮಾತು ಹೇಳಬಹುದು. ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡದೆ ಯಂತ್ರ ತಿರುಗಿಸಬೇಡ ಎಂಬುದನ್ನೇ ಹಿಂದೆ ಯಾರೋ ಬುದ್ಧಿವಂತರು ಪೂಜೆಯ ರೂಪದಲ್ಲಿ ಕಲಿಸಿಹೋಗಿರಬೇಕು. ಬಡಿಯುವುದು, ಕೂಗುವುದು, ಕಿವಿ ಕೊಡುವುದು. ನಾನು ಅದಕ್ಕೆ ನಗುತ್ತಾ, ಸ್ವಿಚ್ಚಿಗೆ ಜಂಪರ್ ಹಾಕಿ ಕೂತಿದ್ದೆ.

ಆ ಸಂಜೆಯೇ ಜಂಪರ್ ಕಿತ್ತೆ, ಧೂಳು ಹಿಡಿದ ಸ್ವಿಚ್ಚನ್ನೇ ಬಿಚ್ಚಿ ತೊಳೆದು ಹಾಕಿದೆ. ಆ ವಾರದಲ್ಲೇ ಹೊಸದು ತಂದು ಕೂರಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಊರೆಲ್ಲ ಬೇರೆಯೇ ಸುದ್ದಿ ಹಬ್ಬಿತ್ತು. ಇಂಜಿನೇರ್ರಿಗೆ ಏನೋ ಅನುಮಾನ ಬಂತಂತೆ, ಅಷ್ಟು ಹೊತ್ತು ಬೇಕೆಂದೇ ಮಿಷನ್ನು ಬಿಡಲಿಲ್ಲವಂತೆ, ಕೊನೆಗೆ ಬಡಿದು ಎಬ್ಬಿಸಿದರಂತೆ. ಆಸ್ಪತ್ರೆಯಲ್ಲಿ ಗಂಡನನ್ನು ನೋಡಿ ಬಂದ ಮಾದಣ್ಣನ ಹೆಂಡತಿ ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಎಲ್ಲರೆದುರು ನನ್ನ ಕಾಲು ಮುಟ್ಟಿದರು. ನಾನು ಹಿಂದೆ ಸರಿಯಲಿಲ್ಲ. ಸರಿಯಲು ಕಾರಣ ಹೇಳಬೇಕಾಗುತ್ತಿತ್ತು.

ಈಗ ಯಾವ ಊರಿನ ಯಾವ ಯಂತ್ರವಾದರೂ ನಾನು ಮೂರು ಸಲ ಬಡಿದು, ಕೂಗಿ, ಕಿವಿ ಕೊಟ್ಟೇ ಗುಂಡಿ ಒತ್ತುವುದು. ಜೊತೆಯವರು ನಗುತ್ತಾರೆ, ನಗಲಿ.

ಮಾದಣ್ಣ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಪ್ರತಿ ವರ್ಷ ಕಿತ್ತಳೆ ಕಾಲದಲ್ಲಿ ಬಸ್ಸಿನಲ್ಲಿ ಬಂದು ಒಂದು ಚೀಲ ಕಿತ್ತಳೆಯನ್ನು ನನ್ನ ಅಂಗಡಿಯ ಮೇಜಿನ ಮೇಲಿಟ್ಟು, ಕಾಫಿ ಕುಡಿದು, ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಾರೆ.

"ನಾನ್ ಒಳಗಿದ್ದಿದ್ದು ನಿಮ್ಗೆ ಹೆಂಗ್ ಗೊತ್ತಾಯ್ತು ಇಂಜಿನೇರ್ರೇ?"

"ನಂಗೆ ಗೊತ್ತಿರ್ಲಿಲ್ಲ ಮಾದಣ್ಣ."

ಪ್ರತಿ ವರ್ಷ ನಾನು ಕೊಡುವ ಉತ್ತರ ಇದೇ, ಅದು ನೂರಕ್ಕೆ ನೂರು ನಿಜ. ಅವರು ನಕ್ಕು, ದೊಡ್ಡವರು ನೀವು, ಹೇಳಿಕೊಳ್ಳುವುದಿಲ್ಲ ಎಂದು ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಆ ಚೀಲದ ಕಿತ್ತಳೆಯನ್ನು ನಾನು ಇವತ್ತಿನವರೆಗೆ ಒಂದನ್ನೂ ತಿಂದಿಲ್ಲ.